ಒಂದು ಕೀಲಿನ ವಿಷಯ

ನಮ್ಮ ಮನೆಯ ಷೋಕೇಸಿನಲ್ಲಿ
ಬಾಲ ಮುಂದಿರುವ ಒಂದು ವಿಮಾನವಿದೆ.
ಹಲಸಿನ ಮರದ್ದು. ಗೇಣುದ್ದ.
ಬಂದವರು, ಯಾರೋ ಹಿಂದುಮುಂದಾಗಿ ಇಟ್ಟಿದ್ದಾರೆಂದು
ಎತ್ತಿ ತಿರುಗಿಸಿ ಇಡುತ್ತಾರೆ.
ಅವರು ಹೋದಮೇಲೆ ನಾನು ಮತ್ತೆ ತಿರುಗಿಸುತ್ತೇನೆ.

ಮೂವತ್ತೊಂದು ವರ್ಷ ವಿಮಾನ ಕಾರ್ಖಾನೆಯಲ್ಲಿ
ಟ್ರೇಸರ್ ಆಗಿದ್ದವಳು ನಾನು.
ಬೇರೆಯವರು ಯೋಚಿಸಿದ ರೆಕ್ಕೆಗಳನ್ನು
ಕಪ್ಪು ಶಾಯಿಯಲ್ಲಿ, ಗೆರೆ ನಡುಗದಂತೆ ತಿದ್ದಿದವಳು.
ಆದರೆ ನಾನು ಕಂಡ ಮೊದಲ ನಕ್ಷೆ
ಅಪ್ಪ ಅಂಗಳದ ಮಣ್ಣಿನಲ್ಲಿ ಉಳಿಯ ತುದಿಯಿಂದ ಗೀಚಿದ್ದು.
ಅವನಿಗೆ ಅದನ್ನು ಗೀಚಿ ತೋರಿಸಿದವನು
ಜಾಲಹಳ್ಳಿ ಕ್ಯಾಂಪಿನ ಒಬ್ಬ ಇಟಲಿಯ ಸೆರೆಯಾಳು,
ಒರೆಸ್ತೆ.

ಅಪ್ಪ, ಅಂದರೆ ಮುನಿವೀರಾಚಾರಿ,
ಬ್ಯಾರಕ್ಕುಗಳಿಗೆ ಬಾಗಿಲು ಕೂರಿಸಲು ಹೋಗುತ್ತಿದ್ದ,
ಸೈಕಲ್ಲಿನ ಹಿಂದೆ ಗರಗಸ ಕಟ್ಟಿಕೊಂಡು,
ದಿನಕ್ಕೆ ಹದಿನಾಲ್ಕಾಣೆ.
ಕೈಯಾಳಾಗಿ ಕೊಟ್ಟಿದ್ದು ಇವನನ್ನು.
ಉಳಿ ಹಿಡಿದದ್ದು ನೋಡಿಯೇ ಅಪ್ಪ ಅಂದುಕೊಂಡನಂತೆ:
ನಮ್ಮ ಪೈಕಿ.

ಮಾತು ಬಾರದು. ಅಪ್ಪ ‘ಮರ’ ಎಂದರೆ
ಅವನು ಗಾಳಿಯಲ್ಲಿ ಅಲೆ ಬರೆಯುವನು;
ಅವರ ನುಡಿಯಲ್ಲಿ ಅದರ ಹತ್ತಿರದ ಸದ್ದಿಗೆ
ಕಡಲೆಂದು ಅರ್ಥವಂತೆ.
ಹೀಗೆ ಒಂದು ವಾರ ಇಬ್ಬರೂ ಸೇರಿ
ಕಡಲನ್ನು ಕೊಯ್ದರು,
ಉಜ್ಜುಗೊರಡು ಹಿಡಿದು ನಯ ಮಾಡಿದರು,
ಕಡಲಿಗೆ ತಿರುಪು ಬಿಗಿದರು.

ಆಮೇಲೆ ಈ ನಕ್ಷೆ.
ಎಂಜಿನ್ನು ಪೈಲಟ್ಟಿನ ಬೆನ್ನ ಹಿಂದೆ,
ಫ್ಯಾನು ಅದಕ್ಕೂ ಹಿಂದೆ, ನೂಕುವ ಹಾಗೆ.
ಬಾಲದ ಪುಟ್ಟ ರೆಕ್ಕೆ ಮೂಗಿನ ಮೇಲೆ.
ಅಡ್ಡ ಏನೂ ಇಲ್ಲದ ಆ ಬೋಳು ಮೂತಿಯಲ್ಲಿ
ಒತ್ತೊತ್ತಾಗಿ ಬಂದೂಕು.
‘ಎತ್ತಿನ ಮುಂದೆ ಗಾಡಿ ಹೂಡಿದ್ದೀಯಲ್ಲೋ’ ಎಂದು ಅಪ್ಪ ನಕ್ಕ.
ಕಂಬಿಯಾಚೆ ನಿಂತಿದ್ದ ನಿಜವಾದ ಗಾಡಿ ತೋರಿಸಿದ ಮೇಲೆ
ಒರೆಸ್ತೆಯೂ ನಕ್ಕ.

ಹಾರಿತಾ?
ಎರಡು ಬೆರಳು ಎತ್ತಿದ. ಎರಡು ಸಲ.
ಮೊದಲ ಸಲ ಸರೋವರ ಸುತ್ತಿ ಬಂದು ಇಳಿಯಿತು,
ಎಂಜಿನಿಯರು ಹುಲ್ಲಿನ ಮೇಲೆ ಕೂತು ಅತ್ತ.
ಎರಡನೆಯ ಸಲ, ಹನ್ನೆರಡನೆಯ ನಿಮಿಷಕ್ಕೆ,
ರೆಕ್ಕೆಯಂಚಿನಲ್ಲಿ ಬಾಗಿಲಿನಂತೆ ಆಡುವ ತುಂಡೊಂದು
ಕಳಚಿಕೊಂಡಿತು.

ಅದಕ್ಕೆ ಭಾಷೆ ಬೇಕಾಗಲಿಲ್ಲ.
ಆಗಷ್ಟೇ ಕೂರಿಸಿದ್ದ ಬಾಗಿಲಿನ ಕೀಲಿನಿಂದ
ಕಡ್ಡಿ ಎಳೆದ.
ಬಾಗಿಲು ಅಪ್ಪನ ಹೆಗಲಿಗೆ ವಾಲಿತು.
ಆಮೇಲೆ ಒರೆಸ್ತೆ
ತನ್ನ ಎದೆಯನ್ನು ಒಂದೇ ಬೆರಳಿನಿಂದ ಮುಟ್ಟಿಕೊಂಡ.
ಬಾಗಿಲು ಹೊತ್ತುಕೊಂಡೇ ಅಪ್ಪ ನಿಂತಿದ್ದನಂತೆ,
ಊಟದ ಗಂಟೆ ಬಾರಿಸುವ ತನಕ.

ಆ ಬೆರಳಿಗೆ ಏನರ್ಥ?
ಅದನ್ನು ಬಿಗಿದವನು ನಾನು ಎಂದೇ?
ಹಾರಿಸಿದವನು ನನ್ನವನು ಎಂದೇ?
ಅಪ್ಪ ಹೇಳಿದಷ್ಟು ಸಲವೂ ಬೇರೆ ಬೇರೆ ಹೇಳಿದ,
ಕೊನೆಗೆ, ಸೊಳ್ಳೆ ಕೂತಿದ್ದಿರಬೇಕು, ಅಂದುಬಿಟ್ಟ.

ಅಮ್ಮ ಈ ಕತೆಗೆ ಕಿವಿಗೊಡಲಿಲ್ಲ.
ಅವಳ ಅಣ್ಣ ಅದೇ ಯುದ್ಧದ ಮರಳಿನಲ್ಲಿ
ಬ್ರಿಟಿಷರ ಲಾರಿ ಓಡಿಸಿ
ಒಂದು ಕಿವಿ ಅಲ್ಲೇ ಬಿಟ್ಟು ಬಂದವನು.
‘ಅದು ನೆಟ್ಟಗೆ ಹಾರಿದ್ದಿದ್ದರೆ ಯಾರ ಮೇಲೆ ಬರುತ್ತಿತ್ತು, ಕೇಳು ನಿಮ್ಮಪ್ಪನ್ನ.’
ನಾನು ಕೇಳಲಿಲ್ಲ.
ಕೇಳದೆಯೇ ಕೆಲಸಕ್ಕೆ ಸೇರಿದೆ,
ಯಾರ ಮೇಲೆ ಹೋಗುವುವೋ ಅವುಗಳ ರೆಕ್ಕೆ ತಿದ್ದಿದೆ.
ಕೀಲು ಬಂದಲ್ಲಿ ಮಾತ್ರ ಪೆನ್ನು ಎತ್ತಿ
ಒಂದು ಉಸಿರು ಕಾಯುತ್ತಿದ್ದೆ.
ಸೂಪರ್‌ವೈಸರ್ ಅದನ್ನು ನಿಧಾನ ಎಂದು ಬರೆದುಕೊಂಡರು.

ಈಗ ಯಲಹಂಕದ ಪ್ರದರ್ಶನಕ್ಕೆ
ಮೂಗಿನ ಬಳಿ ಪುಟ್ಟ ರೆಕ್ಕೆಯಿರುವ ವಿಮಾನಗಳೇ ಬರುತ್ತವೆ.
ಕಿಟಕಿ ನಡುಗುತ್ತದೆ, ಷೋಕೇಸಿನ ಗಾಜೂ.
ಒಳಗೆ ಹಲಸು ಹಳದಿ ಕಳೆದು ಬೆಲ್ಲದ ಬಣ್ಣಕ್ಕೆ ತಿರುಗಿದೆ.
ಬಿಡುಗಡೆಯ ಹಿಂದಿನ ವಾರ ಒರೆಸ್ತೆ ಕೆತ್ತಿಕೊಟ್ಟದ್ದು;
ಸ್ಕೇಲು ಹಿಡಿದು ನೋಡಿದ್ದೇನೆ, ಎಲ್ಲ ಅಳತೆಯೂ ಸರಿ,
ಒಂದು ಬಿಟ್ಟು:
ಬಲರೆಕ್ಕೆಯಂಚಿನ ಕೀಲಿಗೆ ಹಾಕಿದ ಹಿತ್ತಾಳೆ ಕಡ್ಡಿ
ಬಾಗಿಲಿಗೆ ಹಾಕುವಷ್ಟು ದಪ್ಪ.

ತಿಂಗಳಿಗೊಮ್ಮೆ ಅದಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತೇನೆ.
ಉಗುರಿನಿಂದ ಎತ್ತಿದರೆ ಏಳುತ್ತದೆ,
ಬಿಟ್ಟರೆ ಇಳಿಯುತ್ತದೆ,
ಕಿರ್ ಅನ್ನುವುದಿಲ್ಲ.